ಕಲ್ಲು ಮೊದಲು, ದಾರಿ ಆಮೇಲೆ: ಕೋಲಾರ–ಚಿಕ್ಕಬಳ್ಳಾಪುರದ ಮಣ್ಣು ದಾರಿಗಳಲ್ಲಿ ವೀರಗಲ್ಲು ಹುಡುಕುವ ಸೈಕಲ್ ಸವಾರಿ

ನಮ್ಮ ಕಡೆಯ ಕೆರೆ ಏರಿಗಳ ಮೇಲೆ ಸೈಕಲ್ ಹೊಡೆಯುವಾಗ ಹುಣಸೆ ಮರದ ಬುಡದಲ್ಲೋ ಗುಂಡುತೋಪಿನ ಅಂಚಲ್ಲೋ ಒಂದು ಕಲ್ಲು ಕಣ್ಣಿಗೆ ಬೀಳುತ್ತದೆ. ಅರ್ಧ ಮಣ್ಣಲ್ಲಿ ಹೂತಿರುತ್ತದೆ. ಕೈಯಲ್ಲಿ ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಕಾಲ ಬಳಿ ನಾಲ್ಕು ದನ, ಅಂಚಿನಲ್ಲಿ ಸವೆದ ಅಕ್ಷರ. ಅದು ವೀರಗಲ್ಲು. ಸಾವಿರ ವರ್ಷದ ಹಿಂದೆ ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ವಾಪಸ್ ಬಾರದವನ ಗುರುತು.

ಕೋಲಾರ ಗಂಗರ ಮೊದಲ ರಾಜಧಾನಿ. ಆಗ ಇದರ ಹೆಸರು ಕುವಳಾಲ. ಗಂಗರು, ಬಾಣರು, ನೊಳಂಬರು, ಚೋಳರು ಎಲ್ಲರೂ ಈ ನೆಲಕ್ಕಾಗಿ ಬಡಿದಾಡಿದ್ದಾರೆ. ಎದುರಾಳಿಯ ಊರಿನ ದನ ಹೊಡೆದುಕೊಂಡು ಹೋಗುವುದು ಆಗಿನ ಕಾಳಗದ ಒಂದು ರೀತಿ. ಶಾಸನಗಳು ಅದನ್ನು ತುರುಗೊಳ್ ಎನ್ನುತ್ತವೆ. ಹಾಗಾಗಿ ಕಲ್ಲುಗಳು ಎಷ್ಟೋ ಸಲ ಊರ ಹೊರಗೆ, ಕೆರೆಯ ಹತ್ತಿರ, ದನ ನಡೆಯುವ ದಾರಿಯಲ್ಲಿ ನಿಂತಿವೆ. ಟಾರು ರಸ್ತೆ ಬೇರೆ ಕಡೆಯಿಂದ ಹೋಯಿತು. ದನದ ದಾರಿ ಮಾತ್ರ ಇನ್ನೂ ಮಣ್ಣಾಗಿಯೇ ಉಳಿದಿದೆ. ಮಣ್ಣು, ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್‌ಗೆ ಬೇಕಾಗಿರುವುದು ಅದೇ ದಾರಿ ಅಲ್ವಾ? ನಾನು ಇಲ್ಲಿ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಮೊದಲು ಕಲ್ಲನ್ನು ಆರಿಸಿ. ದಾರಿಯನ್ನು ಅದರಿಂದ ಬಿಡಿಸಿಕೊಳ್ಳಿ.

ಯಾವ ಕಲ್ಲು ಎಂದು ಗೊತ್ತುಮಾಡಿಕೊಳ್ಳುವುದು

ಮನೆಯಲ್ಲಿ ಕೂತು ಶುರು ಮಾಡಿ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ 1905ರಲ್ಲಿ ಬಂತು. ಅದು ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಎರಡೂ ಜಿಲ್ಲೆಯ ಊರುಗಳು ಅದರಲ್ಲೇ ಸಿಗುತ್ತವೆ. ಡಿಜಿಟಲ್ ಪ್ರತಿ ಅಂತರ್ಜಾಲದಲ್ಲಿ ಸುಮ್ನೆ ಓದಲು ಸಿಗುತ್ತದೆ. ತಾಲ್ಲೂಕುವಾರು ಅಂಕಿ ಹಾಕಿ, ಯಾವ ಊರು, ಕಲ್ಲು ಎಲ್ಲಿತ್ತು ಎಂದು ಕೊಟ್ಟಿದ್ದಾರೆ. ಬಂಗಾರಪೇಟೆ ಅದರಲ್ಲಿ ಬೌರಿಂಗ್‌ಪೇಟೆ ಎಂದಿರುತ್ತದೆ. ಹುಡುಕುವಾಗ ನೆನಪಿಡಿ.

ನಿಮ್ಮ ತಾಲ್ಲೂಕಿನ ಪುಟ ತೆಗೆದು, ಹತ್ತು ಹದಿನೈದು ಕಿಲೋಮೀಟರ್ ಒಳಗಿನ ನಾಲ್ಕು ಊರು ಗುರುತು ಮಾಡಿ. ನಾಲ್ಕಕ್ಕಿಂತ ಜಾಸ್ತಿ ಬೇಡ. ನೂರು ವರ್ಷದಲ್ಲಿ ಕೆಲವು ಕಲ್ಲು ಜಾಗ ಬದಲಿಸಿವೆ, ಕೆಲವು ಗೋಡೆ ಸೇರಿವೆ. ನಾಲ್ಕರಲ್ಲಿ ಎರಡು ಸಿಕ್ಕರೆ ಆ ದಿನ ಒಳ್ಳೆಯ ದಿನ. ಪುಸ್ತಕದ ಊರು ಈಗ ಜನ ಇಲ್ಲದ ಬೇಚಿರಾಕ್ ಗ್ರಾಮ ಆಗಿದ್ದರಂತೂ ಬಿಡಬೇಡಿ. ಹೊಲದ ನಡುವೆ ಒಂಟಿಯಾಗಿ ನಿಂತ ಕಲ್ಲು ನೋಡುವುದೇ ಬೇರೆ ಅನುಭವ.

ವೀರಗಲ್ಲು ನೋಡಿಯೇ ಅಭ್ಯಾಸ ಇಲ್ಲದವರು ಮೊದಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಂದು ಸಲ ಹೋಗಿಬನ್ನಿ. ಬೇಗೂರಿನ ಕಲ್ಲು ಅಲ್ಲಿದೆ, ಪೂರಾ ಒಂದು ಕಾಳಗವೇ ಅದರಲ್ಲಿದೆ. ಆತಕೂರಿನ ಕಲ್ಲೂ ಅಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಒಳ್ಳೆಯ ಸ್ಥಿತಿಯಲ್ಲಿರುವ ಎರಡು ಕಲ್ಲನ್ನು ಹತ್ತಿರದಿಂದ ನೋಡಿದ್ದರೆ, ಹೊಲದಲ್ಲಿ ಸವೆದ ಕಲ್ಲು ಕಂಡಾಗ ಕಣ್ಣು ತಾನೇ ಗುರುತು ಹಿಡಿಯುತ್ತದೆ.

ದಾರಿ ಬಿಡಿಸುವುದು

ಉಪಗ್ರಹ ಚಿತ್ರ ತೆರೆದು ಒಂದು ಕಲ್ಲಿನ ಊರಿಂದ ಇನ್ನೊಂದಕ್ಕೆ ಇರುವ ಕೆಂಪು ಗೆರೆಗಳನ್ನು ಹುಡುಕಿ. ಕೆಂಪು ಎಂದರೆ ಮಣ್ಣು ದಾರಿ. ಕೆರೆಯ ಒಂದು ಬದಿಯಲ್ಲಿ ನೇರವಾಗಿಯೋ ಸ್ವಲ್ಪ ಬಾಗಿಯೋ ಕಾಣುವ ಗೆರೆ ಏರಿ. ಹಳೇ ಏರಿಗಳ ಮೇಲೆ ಸಾಮಾನ್ಯವಾಗಿ ಬಂಡಿ ದಾರಿ ಇರುತ್ತದೆ.

ಇನ್ನು ಇದು ಸರ್ಕಾರದ ದಾರಿಯೋ, ಯಾರದೋ ಜಮೀನೋ ಎಂಬ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಗ್ರಾಮ ನಕಾಶೆಯಲ್ಲಿ ಗುರುತಾದ ದಾರಿಯನ್ನು ನಮ್ಮ ಹಳ್ಳಿಗಳಲ್ಲಿ ನಕಾಶೆ ದಾರಿ ಎನ್ನುತ್ತಾರೆ. ಅದರಲ್ಲಿ ಯಾರು ಬೇಕಾದರೂ ಓಡಾಡಬಹುದು. ನಕಾಶೆಯಲ್ಲಿ ಇಲ್ಲದ ದಾರಿ ಎಂದರೆ ರೈತ ತನ್ನ ಟ್ರ್ಯಾಕ್ಟರ್‌ಗೆ ಮಾಡಿಕೊಂಡದ್ದು. ಅಲ್ಲಿ ಕೇಳಿ ಹೋಗಬೇಕು. ಕೇಳಿದರೆ ಬೇಡ ಎಂದವರು ನನಗಂತೂ ಕಡಿಮೆ. "ಯಾವೂರಪ್ಪ ನಿಮ್ದು?" ಎಂದು ಕೇಳಿ, ಊರು ಹೇಳಿದ ಮೇಲೆ ಮುಂದಿನ ತಿರುವನ್ನೂ ಅವರೇ ತೋರಿಸುತ್ತಾರೆ. ಬೆಟ್ಟದ ಬುಡದ ಮೀಸಲು ಅರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಹೋಗಬೇಡಿ.

ಇನ್ನೊಂದು ಸಂಗತಿ. ಚಿತ್ರದಲ್ಲಿ ಬೆಟ್ಟ ಕಡಿದ ಬಿಳಿ ಗಾಯ ಕಂಡರೆ ಅಲ್ಲಿ ಕ್ವಾರಿ, ಕ್ರಷರ್ ಇರುತ್ತದೆ. ಅದರಿಂದ ಹೆದ್ದಾರಿಗೆ ಹೋಗುವ ಮಣ್ಣು ರಸ್ತೆ ನೋಡಲು ಅಗಲವಾಗಿ ಚೆನ್ನಾಗಿರುತ್ತದೆ, ಆದರೆ ದಿನವಿಡೀ ಟಿಪ್ಪರ್ ಓಡುತ್ತವೆ. ಗಿಡದ ಎಲೆಗಳ ಮೇಲೆ ಬಿಳಿ ಪುಡಿ ಕೂತಿದ್ದರೆ ತಿರುಗಿ ಬಿಡಿ.

ಬಿಡಿಸಿದ ದಾರಿಯನ್ನು ನಕ್ಷೆ ಆ್ಯಪ್‌ಗಳು ಓದುವ ಜಿಪಿಎಕ್ಸ್ ಫೈಲ್ ಮಾಡಿ ಫೋನಿಗೆ ಹಾಕಿ. ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಆಂಧ್ರ ಗಡಿಯ ಹತ್ತಿರ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮೊದಲ ಸವಾರಿಗೆ ಒಟ್ಟು 25–30 ಕಿ.ಮೀ. ಸಾಕು. ಮಣ್ಣಲ್ಲಿ ಗಂಟೆಗೆ 12 ಕಿ.ಮೀ. ಹೋದರೆ ಚೆನ್ನಾಗಿಯೇ ಹೋದಂತೆ. ಪ್ರತಿ ಕಲ್ಲಿಗೂ ಅರ್ಧ ಗಂಟೆ ಬೇರೆ ಇಟ್ಟುಕೊಳ್ಳಿ.

ಸೈಕಲ್, ಮುಖ್ಯವಾಗಿ ಅದರ ಟೈರು

ಗ್ರಾವೆಲ್ ಸೈಕಲ್ಲೇ ಬೇಕೆಂದಿಲ್ಲ. ಮನೆಯಲ್ಲಿ ಎಂಟಿಬಿಯೋ (ಮೌಂಟನ್ ಬೈಕ್) ಅಗಲ ಟೈರಿನ ಹೈಬ್ರಿಡ್ ಸೈಕಲ್ಲೋ ಇದ್ದರೆ ಅದರಲ್ಲೇ ಶುರು ಮಾಡಿ. ಟೈರು 38ರಿಂದ 45 ಮಿ.ಮೀ. ಅಗಲ ಇರಲಿ. ಬ್ರೇಕ್ ಎರಡೂ ಸರಿಯಾಗಿರಬೇಕು. ಗೇರಿನ ಲೆಕ್ಕ ಸರಳ: ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲಿದೆಯೋ, ಹಿಂದಿನ ದೊಡ್ಡದರಲ್ಲಿ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಕೋಡಿ ಇಳಿದು ಏರಿ ಹತ್ತುವ ಜಾಗ ಚಿಕ್ಕದು, ಆದರೆ ಕಡಿದು.

ಈಗ ಮುಳ್ಳಿನ ವಿಷಯ. ನಮ್ಮ ಕಡೆ ಸವಾರಿಯನ್ನು ಕೆಡಿಸುವುದು ಕಲ್ಲೂ ಅಲ್ಲ, ಮರಳೂ ಅಲ್ಲ, ಮುಳ್ಳು. ಬೇಲಿಗೆ ಕಡಿದು ಹಾಕಿದ ಬಳ್ಳಾರಿ ಜಾಲಿಯ ಕೊಂಬೆ ದಾರಿಗೆ ಬಿದ್ದಿರುತ್ತದೆ. ಅದರ ಉದ್ದ ಮುಳ್ಳು ಟೈರು ತೂರಿ ಟ್ಯೂಬಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ನೆಗ್ಗಿನ ಮುಳ್ಳು ಬೇರೆ. ನೆಲಕ್ಕಂಟಿ ಹಬ್ಬುವ, ಚಿಕ್ಕ ಹಳದಿ ಹೂವಿನ ಬಳ್ಳಿ ಅದು. ಕಾಯಿ ಒಣಗಿದರೆ ಯಾವ ಕಡೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಚಿಂತಾಮಣಿ ಕಡೆಯ ಒಂದು ಕೆರೆ ಅಂಗಳದಲ್ಲಿ ನಾನು ಒಂದೇ ಟೈರಿನಿಂದ ಏಳು ಮುಳ್ಳು ಕಿತ್ತಿದ್ದೇನೆ. ಅವತ್ತು ನನ್ನ ಹತ್ತಿರ ಇದ್ದದ್ದು ಒಂದೇ ಟ್ಯೂಬು. ಉಳಿದ ಒಂಬತ್ತು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಬಂದೆ.

ಅದಕ್ಕೇ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ ಎಂಬ ಅಂಟು ದ್ರವ ಹಾಕಿಸಿ. ಸಣ್ಣ ಮುಳ್ಳಿನ ತೂತನ್ನು ಅದು ಚಕ್ರ ತಿರುಗುತ್ತಿರುವಾಗಲೇ ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಿಸಬೇಕು. ಚುಚ್ಚಿದ ಮುಳ್ಳನ್ನು ದಾರಿಯಲ್ಲೇ ಕೀಳುವ ಆಸೆ ಬೇಡ. ಗಾಳಿ ಹೋಗದಿದ್ದರೆ ಮನೆಗೆ ಬಂದ ಮೇಲೆ ಕಿತ್ತರಾಯಿತು. ಟ್ಯೂಬ್ ಇರುವ ಸೈಕಲ್ ಆದರೆ ಎರಡು ಬಿಡಿ ಟ್ಯೂಬ್, ಪ್ಯಾಚ್, ಟೈರ್ ಲಿವರ್, ಪಂಪ್ ಇಲ್ಲದೆ ಹೊರಡಬೇಡಿ. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಬೆರಳನ್ನು ನಿಧಾನವಾಗಿ ಆಡಿಸಿ, ಮುರಿದ ಮುಳ್ಳಿನ ತುದಿ ಹುಡುಕಿ. ಅದನ್ನು ಬಿಟ್ಟರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ.

ಗಾಳಿ ಎಷ್ಟು? 70 ಕಿಲೋ ತೂಗುವವರು 40 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ ಮುಂದೆ 32–35, ಹಿಂದೆ 35–38 ಪಿಎಸ್‌ಐ ಇಂದ ಶುರು ಮಾಡಬಹುದು. ಟ್ಯೂಬ್ ಇದ್ದರೆ ಐದು ಜಾಸ್ತಿ. ಸೈಕಲ್ ಅಂಗಡಿಯಲ್ಲಿ ಹೇಳದೆ ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿ ಗಾಳಿ ಹೊಡೆದುಬಿಡುತ್ತಾರೆ. ಜಲ್ಲಿ ಮೇಲೆ ಅದು ಕೈ ನಡುಗಿಸುತ್ತದೆ, ತಿರುವಲ್ಲಿ ಜಾರಿಸುತ್ತದೆ.

ನೀರು ಎರಡರಿಂದ ಮೂರು ಲೀಟರ್, ಓಆರ್‌ಎಸ್ ಪೊಟ್ಟಣ ಎರಡು, ಕಡ್ಲೆಮಿಠಾಯಿ, ಹೆಲ್ಮೆಟ್, ಕೈಗವಸು, ಹಿಂದಿನ ಕೆಂಪು ದೀಪ. ಚಿಕ್ಕ ಟಾರ್ಚ್ ಒಂದನ್ನು ಮರೆಯಬೇಡಿ. ಅದು ಕಲ್ಲು ಓದುವುದಕ್ಕೆ ಬೇಕು.

ಯಾವ ತಿಂಗಳು

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಅದಕ್ಕೂ ಮುಂಚೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಹಿಡಿದರೆ ಕೆರೆ ಅಂಗಳದ ಜೇಡಿ ಟೈರಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಕೆಮ್ಮಣ್ಣಿನ ದಾರಿ ಎರಡು ದಿನ ಬಿಸಿಲು ಬಿದ್ದರೆ ಸರಿಹೋಗುತ್ತದೆ, ಜೇಡಿಗೆ ವಾರ ಬೇಕು. ಡಿಸೆಂಬರ್–ಜನವರಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಸೈಕಲ್ ಓಡಿಸಬೇಡಿ. ಕಾರಿನ ಚಕ್ರ ಹೋಗಲಿ ಎಂದೇ ಹಾಕಿರುತ್ತಾರೆ ನಿಜ, ಆದರೆ ಒಣ ಹುಲ್ಲಿನ ಮೇಲೆ ನಮ್ಮ ಟೈರು ಜಾರುತ್ತದೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ಅಂಚಲ್ಲಿ ತಳ್ಳಿಕೊಂಡು ಹೋದರೆ ಕಣದವರೇ ಕರೆದು ಮಾತಾಡಿಸುತ್ತಾರೆ. ಅವರೆ ಕಾಲ ಆದ್ದರಿಂದ ಹೋಟೆಲಿನಲ್ಲಿ ಹಿತಕಿದಬೇಳೆ ಸಾರು, ಮುದ್ದೆ ಸಿಗುವ ಸಂಭವವೂ ಜಾಸ್ತಿ.

ಬೆಳಗ್ಗೆ ಆರೂವರೆಗೆ ಹೊರಡಿ. ಇದು ಬಿಸಿಲು ತಪ್ಪಿಸಿಕೊಳ್ಳಲು ಮಾತ್ರ ಹೇಳುತ್ತಿಲ್ಲ. ಓರೆ ಬಿಸಿಲಲ್ಲಿ ಕಲ್ಲಿನ ಅಕ್ಷರ ಎದ್ದು ಕಾಣುತ್ತದೆ. ಹತ್ತು ಗಂಟೆ ಮೇಲೆ ಅದೇ ಕಲ್ಲು ಬರೀ ಬಂಡೆಯ ಹಾಗೆ ಕಾಣುತ್ತದೆ.

ಮೊದಲ ಸವಾರಿ: ಗೌರಿಬಿದನೂರಿನಿಂದ ವಿದುರಾಶ್ವತ್ಥ

ಮೊದಲ ಸವಾರಿಗೆ ಹುಡುಕಾಟ ಬೇಡ. ಎಲ್ಲರಿಗೂ ಗೊತ್ತಿರುವ ಸ್ಮಾರಕದಿಂದಲೇ ಶುರು ಮಾಡಿ. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಆರೇಳು ಕಿ.ಮೀ. ದೂರದಲ್ಲಿ ವಿದುರಾಶ್ವತ್ಥ ಇದೆ. ಪಕ್ಕದಲ್ಲಿ ಉತ್ತರ ಪಿನಾಕಿನಿ. ನಂದಿ ಬೆಟ್ಟದ ಸಾಲಲ್ಲಿ ಹುಟ್ಟಿ ಉತ್ತರಕ್ಕೆ ಆಂಧ್ರಕ್ಕೆ ಹೋಗುವ ಹೊಳೆ. ಹೆಚ್ಚು ದಿನ ಬರೀ ಮರಳೇ.

ನೇರ ರಸ್ತೆ ಬಿಡಿ. ನಕ್ಷೆಯಲ್ಲಿ ಹೊಳೆಯ ದಿಕ್ಕಿನ ಹಳ್ಳಿ ದಾರಿಗಳನ್ನು ಹಿಡಿದು ಸುತ್ತು ಹಾಕಿಕೊಂಡು ಹೋಗಿ. ಹೊಳೆಯ ಮರಳು ಎದುರಾದರೆ ಹ್ಯಾಂಡಲ್ ಸಡಿಲ ಹಿಡಿದು, ಮೈ ಭಾರ ಹಿಂದಕ್ಕೆ ಹಾಕಿ, ಹಗುರ ಗೇರಲ್ಲಿ ಬಿಡದೆ ತುಳಿಯಿರಿ. ಮುಂದಿನ ಚಕ್ರ ಹೂತರೆ ಇಳಿದು ನಡೆಯಿರಿ. ಮರಳು ತೆಗೆದ ಹಳೇ ಗುಂಡಿಗಳು ನೀರಿದ್ದಾಗ ಕಾಣುವುದಿಲ್ಲ. ನೀರು ಹರಿಯುತ್ತಿದ್ದರೆ ದಾಟಲೇಬೇಡಿ.

1938ರ ಏಪ್ರಿಲ್ 25ರಂದು ಇಲ್ಲಿ ಜನ ಸೇರಿದ್ದರು. ಜಾತ್ರೆಯ ಕಾಲ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವ ಸತ್ಯಾಗ್ರಹ ನಡೆಯುತ್ತಿತ್ತು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿತ್ತು. ಇಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಈ ಊರಿಗೆ ಹೆಸರು ಬಂತು. ಆಮೇಲೆ ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಬಾವುಟಕ್ಕೆ ಅವಕಾಶ ಕೊಟ್ಟ ಮಿರ್ಜಾ–ಪಟೇಲ್ ಒಪ್ಪಂದ ಆದದ್ದು ಹಾಗೆ. ಯುದ್ಧದ ಸ್ಮಾರಕ ಎಂದು ಇದನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸತ್ತವರು ಕಾಳಗಕ್ಕೆ ಬಂದವರಾಗಿರಲಿಲ್ಲ. ಆದರೆ ಊರಿಗಾಗಿ ಸತ್ತವರಿಗೆ ಕಲ್ಲು ನಿಲ್ಲಿಸುವ ಈ ಸೀಮೆಯ ಹಳೇ ರೂಢಿಯ ಕೊನೆಯ ಕೊಂಡಿ ಇದೇ ಎಂದು ನಂಬಿದ್ದೇನೆ.

ಸೈಕಲನ್ನು ಹೊರಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ಒಳಗೆ ಹೋಗಿ. ಅಲ್ಲಿನ ವೀರಸೌಧ ಎಂಬ ಸ್ಮಾರಕ ಭವನದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಅವಸರ ಮಾಡಬೇಡಿ. ದೇವಸ್ಥಾನದ ಸುತ್ತ ಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನೂ ನೋಡಿ. ವಿದುರ ನೆಟ್ಟದ್ದು ಎಂದು ಜನ ನಂಬಿದ್ದ ದೊಡ್ಡ ಅಶ್ವತ್ಥ 2001ರಲ್ಲಿ ಬಿದ್ದುಹೋಯಿತು.

ದಾರಿಯಲ್ಲಿ

ಊರ ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದುಬಿಡಿ. ಸೈಕಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ನಿಂತವರನ್ನು ಅವು ಹೆಚ್ಚು ಹೊತ್ತು ಬೆನ್ನಟ್ಟುವುದಿಲ್ಲ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಿ. ಕುರಿ ಮಂದೆ ಎದುರಾದರೆ ಬೆಲ್ ಹೊಡೆಯಬೇಡಿ, ಅಂಚಿಗೆ ನಿಂತು ಬಿಡಿ. ಮಂದೆ ಚದುರಿದರೆ ಕಾಯುವವರಿಗೆ ಅರ್ಧ ದಿನದ ಕೆಲಸ. ಬಂಡೆಯ ಕೆಳಗೆ, ದೊಡ್ಡ ಆಲದ ಮರದಲ್ಲಿ ಹೆಜ್ಜೇನು ಕಂಡರೆ ಮಾತಿಲ್ಲದೆ ದಾಟಿ.

ಕೋಲಾರದ ಎಷ್ಟೋ ಕೆರೆ ಈಗ ತುಂಬಿವೆ. ಅದು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು. ನೋಡಲು ತಿಳಿಯಾಗಿದ್ದರೂ ಬಾಟಲಿಗೆ ತುಂಬಬೇಡಿ, ಗಾಯವನ್ನೂ ತೊಳೆಯಬೇಡಿ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ನೀರು ಸಿಗುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ.

ಕಲ್ಲಿನ ಜಾಗ ಕೇಳುವಾಗ ದನ ಕಾಯುವ ಅಜ್ಜಂದಿರನ್ನು ಕೇಳಿ. "ಶಾಸನ ಎಲ್ಲಿದೆ?" ಎಂದರೆ ಯಾರಿಗೂ ತಿಳಿಯದು. "ಅಣ್ಣಾ, ಕತ್ತಿ ಹಿಡಿದಿರೋ ಹಳೇ ಕಲ್ಲು ಇದೆಯಾ?" ಎಂದು ಕೇಳಿ. ಗಡಿಯ ಊರುಗಳಲ್ಲಿ ಮನೆ ಮಾತು ತೆಲುಗು. ಅಲ್ಲಿ "ವೀರುಲ ಗುಡಿ" ಎಂದರೆ ಬೇಗ ಅರ್ಥವಾಗುತ್ತದೆ.

ಕಲ್ಲಿನ ಮುಂದೆ ನಿಂತಾಗ

ಚಪ್ಪಲಿ, ಶೂ ಬಿಡಬೇಕಾ ಎಂದು ಮೊದಲು ನೋಡಿ. ಅರಿಶಿನ ಕುಂಕುಮ, ಒಣಗಿದ ಹೂವು ಇದ್ದರೆ ಅದು ಪೂಜೆ ನಡೆಯುವ ಕಲ್ಲು. ಚಪ್ಪಲಿ, ಶೂ ಬಿಡಿ.

ಪುಸ್ತಕಗಳಲ್ಲಿ ವೀರಗಲ್ಲಿಗೆ ಮೂರು ಹಂತ ಎಂದು ಹೇಳುತ್ತಾರೆ. ಕೆಳಗೆ ಕಾಳಗ. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೂತ ವೀರ, ಪಕ್ಕದಲ್ಲಿ ಸೂರ್ಯ ಚಂದ್ರ. ಓದುವುದು ಕೆಳಗಿನಿಂದ ಮೇಲಕ್ಕೆ. ಆದರೆ ನಮ್ಮ ಕಡೆಯ ಗಂಗರ, ನೊಳಂಬರ ಕಾಲದ ಹಳೇ ಕಲ್ಲುಗಳಲ್ಲಿ ಒಂದೇ ಹಂತ ಇರುವುದು ಸಾಮಾನ್ಯ. ಕಲ್ಲಿನ ತುಂಬ ಒಬ್ಬನೇ ವೀರ, ಸುತ್ತ ಅಕ್ಷರ. ಇಲ್ಲಿನ ಕಣಶಿಲೆ (ಗ್ರಾನೈಟ್) ಗಟ್ಟಿ, ಒರಟು. ಹೊಯ್ಸಳರ ಬಳಪದ ಕಲ್ಲಿನ ನಾಜೂಕು ಇಲ್ಲಿ ಹುಡುಕಬೇಡಿ.

ದನ ಇದ್ದರೆ ತುರುಗೊಳ್. ಹಂದಿಯೋ ಹುಲಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ಬರೀ ಒಂದು ಕಂಬ, ಅದರಿಂದ ಮೇಲಕ್ಕೆತ್ತಿದ ಬಳೆ ತೊಟ್ಟ ಕೈ ಇದ್ದರೆ ಅದು ಮಾಸ್ತಿಕಲ್ಲು, ಸತಿ ಹೋದವಳ ಗುರುತು. ಅದರ ಮುಂದೆ ನಿಂತಾಗ ನನಗೆ ಹೆಮ್ಮೆ ಬರುವುದಿಲ್ಲ, ಸಂಕಟವಾಗುತ್ತದೆ. ಶಾಸನದಲ್ಲಿ ಕಲ್ನಾಡು, ನೆತ್ತರುಗೊಡಗೆ ಎಂಬ ಪದ ಸಿಕ್ಕರೆ, ಸತ್ತವನ ಮನೆಯವರಿಗೆ ಭೂಮಿ ಕೊಟ್ಟಿದ್ದಾರೆ ಎಂದರ್ಥ. ಕೊನೆಯಲ್ಲಿ ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪ ಎಂಬ ಶಾಪವಿರುತ್ತದೆ. ದನ ಉಳಿಸಲು ಸತ್ತವನ ಕಲ್ಲಿಗೆ ದನದ ಮೇಲಿನ ಶಾಪವೇ ಕಾವಲು.

ಅಕ್ಷರ ಕಾಣದಿದ್ದರೆ ಟಾರ್ಚನ್ನು ಕಲ್ಲಿಗೆ ಅಂಟಿದಂತೆ ಪಕ್ಕದಿಂದ ಹಿಡಿದು, ನೆರಳಲ್ಲಿ ಫೋಟೊ ತೆಗೆಯಿರಿ. ಸೀಮೆಸುಣ್ಣ, ಎಣ್ಣೆ, ಹಿಟ್ಟು ಯಾವುದನ್ನೂ ಸವರಬೇಡಿ. ಪಾಚಿಯನ್ನು ಉಜ್ಜಬೇಡಿ, ಅದರ ಜೊತೆ ಕಲ್ಲಿನ ಮೇಲ್ಪದರವೂ ಬರುತ್ತದೆ. ಸೈಕಲನ್ನು ಕಲ್ಲಿಗೆ ಒರಗಿಸಿ ಫೋಟೊ ತೆಗೆಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಒಂದು ಸಮಾಧಿಗೆ ಒರಗಿಸಿದ ಹಾಗೆ ಅದು.

ಮುಂದಿನ ಸವಾರಿಗಳು

ಕಾಲು ಪಳಗಿದ ಮೇಲೆ ಮುಳಬಾಗಿಲು–ಆವನಿ. 1768ರಲ್ಲಿ ಹೈದರಾಲಿಗೂ ಬ್ರಿಟಿಷರಿಗೂ ಮುಳಬಾಗಿಲಿನಲ್ಲಿ ಕಾಳಗ ನಡೆದಿತ್ತು. ಅಲ್ಲಿಂದ ಹೆದ್ದಾರಿ ದಾಟಿ ಒಳಗೆ ಹೋದರೆ ಆವನಿ. ಬಂಡೆ ಬೆಟ್ಟದ ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ. ಇನ್ನೂ ಶಕ್ತಿ ಇದ್ದರೆ ಎರಡನೇ ದಿನ ಬಂಗಾರಪೇಟೆ ಕಡೆಯ ಬೂದಿಕೋಟೆಗೆ, ಹೈದರ್ ಹುಟ್ಟಿದ ಊರಿಗೆ ಹೋಗಬಹುದು. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲೇ ಇದೆ.

ನಂದಿ ಬೆಟ್ಟಕ್ಕೆ ಎಲ್ಲರೂ ಹೋಗುತ್ತಾರೆ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ಆ ಕೋಟೆ ಹಿಡಿದಿತ್ತು. ನನ್ನ ಕೇಳಿದರೆ ಭಾನುವಾರ ಮೇಲೆ ಹತ್ತಬೇಡಿ, ಕಾರುಗಳ ಹೊಗೆಯೇ ಜಾಸ್ತಿ. ಕೆಳಗೆ ಭೋಗನಂದೀಶ್ವರ ಗುಡಿಯಿಂದ ದ್ರಾಕ್ಷಿ ತೋಟಗಳ ನಡುವಿನ ದಾರಿ ಹಿಡಿದು ಬೆಟ್ಟವನ್ನು ದೂರದಿಂದ ನೋಡಿಕೊಂಡು ಸುತ್ತಿ.

ಮನೆಗೆ ಬಂದ ಮೇಲೆ

ಟೈರಿನ ಮುಳ್ಳು ಕಿತ್ತು, ಚೈನಿನ ಧೂಳು ಒರೆಸಿ ಎಣ್ಣೆ ಬಿಡಿ. ಆಮೇಲೆ ಒಂದು ನೋಟ್‌ಬುಕ್ ತೆಗೆದು ಊರು, ಕಲ್ಲು ನಿಂತ ಜಾಗ, ಹೂತಿದೆಯೋ ವಾಲಿದೆಯೋ, ಅಕ್ಷರ ಇದೆಯೋ ಇಲ್ಲವೋ ಬರೆದಿಡಿ. ರೈಸ್ ಪುಸ್ತಕದ ಪಾಠದ ಜೊತೆ ನಿಮ್ಮ ಫೋಟೊ ಇಟ್ಟು ನೋಡಿ. ಪುಸ್ತಕದಲ್ಲಿ ಇಲ್ಲದ ಕಲ್ಲು ಸಿಕ್ಕಿದ್ದರೆ, ಅಥವಾ ರಸ್ತೆ ಅಗಲ ಮಾಡುವ ಕಡೆ ಜೆಸಿಬಿ ಪಕ್ಕದಲ್ಲೇ ಕಲ್ಲು ಬಿದ್ದಿದ್ದರೆ, ಫೋಟೊ ಸಮೇತ ಗ್ರಾಮ ಪಂಚಾಯ್ತಿಗೆ, ತಹಶೀಲ್ದಾರರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ನೀವೇ ಎತ್ತಿ ಸರಿಸಬೇಡಿ.

ಸವಾರಿಯ ದಾರಿಯನ್ನು ಆ್ಯಪ್‌ನಲ್ಲಿ ಹಂಚಿಕೊಳ್ಳುವಾಗ ಒಂಟಿ ಕಲ್ಲುಗಳ ನಿಖರ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹಳೇ ಕಲ್ಲಿನ ಕೆಳಗೆ ನಿಧಿ ಇದೆ ಎಂದು ರಾತ್ರಿ ಅಗೆಯುವವರು ಈಗಲೂ ಇದ್ದಾರೆ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಗುಂಡುತೋಪಿನಲ್ಲಿ ನಾನು ಎರಡು ಸಲ ನೋಡಿದ್ದ ಕಲ್ಲು ಮೂರನೇ ಸಲ ಹೋದಾಗ ಅಡ್ಡ ಬಿದ್ದಿತ್ತು, ಬುಡದಲ್ಲಿ ಸೊಂಟದಾಳದ ಗುಂಡಿ. ಊರಿನವರು ಸೇರಿ ಅದನ್ನು ಮತ್ತೆ ನಿಲ್ಲಿಸಿದ್ದಾರೆ. ಈಗ ಅದರ ಪಕ್ಕದಲ್ಲೇ ದನ ಕಟ್ಟುತ್ತಾರೆ.